ಎಡಗೆನ್ನೆ

ಆ ಬೀದಿಯಲ್ಲಿ ಓದಿ ಪಾಸಾದ ಡಾಕ್ಟರು ಒಬ್ಬರೂ ಇರಲಿಲ್ಲ. ಇದ್ದವನು ಮೊಡವೆ ಡಾಕ್ಟರು ಒಬ್ಬನೇ. ಅವನ ಸ್ಟುಡಿಯೋದ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮದುಮಕ್ಕಳು, ಪದವಿಯ ಟೋಪಿ ಹಾಕಿಕೊಂಡ ಹುಡುಗರು, ಬೋರಲು ಮಲಗಿ ಕತ್ತೆತ್ತಿದ ಹಸುಗೂಸುಗಳು ಸಾಲಾಗಿ ಕೂತಿದ್ದರು. ಅಷ್ಟು ಜನರಲ್ಲಿ ಒಬ್ಬರ ಮುಖದಲ್ಲಾದರೂ ಒಂದು ಕಲೆ, ಒಂದು ಸುಕ್ಕು, ಸಿಡುಬಿನ ಒಂದು ಗುಳಿ ಹುಡುಕಿ ತೋರಿಸಿ ನೋಡೋಣ! ಸಿಗುತ್ತಿರಲಿಲ್ಲ. ಎಲ್ಲವನ್ನೂ ಅವನು ಪೆನ್ಸಿಲಿನಿಂದ ವಾಸಿ ಮಾಡಿದ್ದ. ಅದಕ್ಕೇ ಜನ ಆ ಹೆಸರಿಟ್ಟದ್ದು, ಅವನೂ ಅದನ್ನು ಖುಷಿಯಾಗಿಯೇ ಹೊತ್ತುಕೊಂಡಿದ್ದ.

ಇದು ಫಿಲಂ ಕಾಲದ ಮಾತು. ಫೋಟೋ ತೆಗೆಯುವುದು ಆಗ ಅರ್ಧ ಕೆಲಸ ಮಾತ್ರ, ಉಳಿದರ್ಧ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಅಲ್ಲೊಂದು ಇಳಿಜಾರಾದ ಮೇಜು, ಅದರ ನಡುವೆ ಮಸುಕು ಗಾಜು, ಗಾಜಿನ ಕೆಳಗೆ ಕಿಟಕಿಯ ಬೆಳಕನ್ನು ಹಿಡಿದು ಮೇಲಕ್ಕೆ ಕಳಿಸುವ ಕನ್ನಡಿ. ನೆಗೆಟಿವನ್ನು ಗಾಜಿನ ಮೇಲಿಟ್ಟು, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ಮುಟ್ಟುತ್ತಾ ಹೋಗಬೇಕು. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು. ಕೂದಲು ಬಿಳಿ, ಚರ್ಮ ಕಪ್ಪು, ಚರ್ಮದ ಮೇಲಿನ ಕಪ್ಪು ಕಲೆ ಮಾತ್ರ ತಿಳಿಯಾದ ಕಿಂಡಿ. ಆ ಕಿಂಡಿಯನ್ನು ಸುತ್ತಲಿನ ಬಣ್ಣಕ್ಕೆ ಸರಿಯಾಗಿ ಪೆನ್ಸಿಲಿನಿಂದ ಮುಚ್ಚಿದರೆ ಪ್ರಿಂಟಿನಲ್ಲಿ ಕಲೆ ಮಂಗಮಾಯ. ಹೆಚ್ಚು ಒತ್ತಿದರೆ ಮುಖದ ಮೇಲೆ ಹಿಟ್ಟು ಮೆತ್ತಿದಂತೆ ಕಾಣುತ್ತದೆ. ಕಡಿಮೆಯಾದರೆ ಕಲೆ ಇಣುಕುತ್ತದೆ.

ಅವನಿಗೆ ಈ ಕೆಲಸ ಕಲಿಸಿದ ಗುರು ಮಹಾ ಮುಂಗೋಪಿ. ಬಹಳ ದಿನ ಪೆನ್ಸಿಲು ಹೆರೆಯುವುದು ಬಿಟ್ಟರೆ ಬೇರೇನನ್ನೂ ಮುಟ್ಟಗೊಡಲಿಲ್ಲ. ಕೊನೆಗೊಮ್ಮೆ ಮೇಜಿನ ಮುಂದೆ ಕೂರಿಸಿ ಹೇಳಿದ್ದು ಒಂದೇ ಮಾತು: "ಮುಖ ನೋಡಬೇಡ ಕಣೋ. ಮುಖ ನೋಡಿದ್ರೆ ಮರುಕ ಬರುತ್ತೆ, ಕೈ ನಿಲ್ಲುತ್ತೆ. ಕಲೆ ಮಾತ್ರ ನೋಡು." ಅವನು ಆ ಮಾತನ್ನು ತಲೆಯ ಮೇಲೆ ಹೊತ್ತು ಬದುಕಿದ. ಬೀದಿಯಲ್ಲಿ ಎದುರಾದವರ ಹೆಸರು ಮರೆತರೂ ಅವರ ಹುಬ್ಬಿನ ಮೇಲಿನ ಗಾಯದ ಗುರುತು ಅವನಿಗೆ ಮರೆಯುತ್ತಿರಲಿಲ್ಲ.

ಅವನ ಹೆಂಡತಿ ಟೈಪಿಸ್ಟು. ಸ್ಟುಡಿಯೋದ ಪಕ್ಕದ ಕಿರಿದಾದ ಮಳಿಗೆಯಲ್ಲಿ ಒಂದು ಟೈಪ್‌ರೈಟರು, ಎರಡು ಕುರ್ಚಿ, ಗೋಡೆಗೊಂದು ಕ್ಯಾಲೆಂಡರು. ಅರ್ಜಿಯ ಒಂದು ಕಲಮನ್ನೂ ಖಾಲಿ ಬಿಡುವವಳಲ್ಲ. "ಅವರು ಕೇಳಿದ್ದಾರೆ, ನಾವು ಹೇಳಬೇಕು" ಎನ್ನುವುದು ಅವಳ ವಾದ. ಯಾರಾದರೂ ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಹಾಕಿ ಎಂದು ಹಲ್ಲು ಗಿಂಜಿದರೆ ಹಾಳೆಯನ್ನು ಎಳೆದು ಕೈಗೆ ಕೊಟ್ಟು, ಬೇರೆ ಕಡೆ ಹೋಗಿ ಎನ್ನುತ್ತಿದ್ದಳು. ಹೀಗೆ ಗಂಡ ಮುಖಗಳನ್ನು ತಿದ್ದುತ್ತಾ, ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಕುಟ್ಟುತ್ತಾ, ಮಧ್ಯದಲ್ಲಿ ಒಂದು ಗೋಡೆ ಇಟ್ಟುಕೊಂಡು ಸುಖವಾಗಿದ್ದರು.

ಶಾಲೆಯ ಕೊನೆಯ ವರ್ಷದ ಮಕ್ಕಳಿಗೆ ಕಾಲೇಜಿನ ಅರ್ಜಿ ಹಾಕುವ ಕಾಲ ಬಂತೆಂದರೆ ಎರಡೂ ಮಳಿಗೆಗಳ ಮುಂದೆ ಸಾಲು. ಪರೀಕ್ಷೆ ಮಕ್ಕಳದು, ಜ್ವರ ಮಾತ್ರ ಅಪ್ಪ ಅಮ್ಮಂದಿರಿಗೆ! ಮಕ್ಕಳು ಸಪ್ಪೆ ಮುಖ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರೆ, ಹಿಂದೆ ನಿಂತ ಹೆತ್ತವರ ಬಾಯಿಗೆ ಬಿಡುವಿರುತ್ತಿರಲಿಲ್ಲ.

"ಡಾಕ್ಟ್ರೇ, ಇವನ ಕಣ್ಣಲ್ಲಿ ಸ್ವಲ್ಪ ಬುದ್ಧಿ ಕಾಣೋ ಹಾಗೆ ಮಾಡಿ. ಮನೇಲಿ ನಾವು ಪ್ರಯತ್ನಪಟ್ಟು ಸೋತ್ವಿ" ಎಂದಿದ್ದ ಒಬ್ಬ ಅಪ್ಪ.

"ನಗಬೇಡ ಕಣೇ, ಹಲ್ಲು ಕಂಡ್ರೆ ಸೀಟು ಹೋಗುತ್ತೆ" ಎಂದು ಗದರಿದ್ದಳು ಒಬ್ಬ ಅಮ್ಮ. ಇನ್ನೊಬ್ಬಳಿಗೆ ಮಗಳ ಗಲ್ಲದ ಮೇಲೆ ಒಂದು ಪುಟ್ಟ ಮಚ್ಚೆ ಇದ್ದರೆ ಲಕ್ಷಣವಾಗಿ ಕಾಣುತ್ತದೆ ಅನ್ನಿಸಿತ್ತು, ಅದನ್ನೂ ಅವನು ಪ್ರಿಂಟಿನ ಮೇಲೆ ಕುಂಚದ ತುದಿಯಿಂದ ಇಟ್ಟುಕೊಟ್ಟಿದ್ದ. ಸ್ಟುಡಿಯೋದಲ್ಲಿ ಎಲ್ಲರಿಗೂ ಸೇರಿ ಒಂದೇ ಕೋಟು. ಅದಕ್ಕೆ ಮುಂಭಾಗ ಮಾತ್ರ ಇತ್ತು, ಬೆನ್ನಲ್ಲಿ ದಾರ. ಆ ಅರ್ಧ ಕೋಟು ಬೀದಿಯ ಅರ್ಧ ಹುಡುಗರನ್ನು ಕಾಲೇಜಿಗೆ ಸೇರಿಸಿತ್ತು.

ಇವರಿಗೂ ಒಬ್ಬಳು ಮಗಳು. ಒಬ್ಬಳೇ. ಅವಳು ಹುಟ್ಟಿದಾಗಲೇ ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ ನೇರಳೆ ಬಣ್ಣದ ಮಚ್ಚೆ ಹಬ್ಬಿತ್ತು. ನೋವಿಲ್ಲ, ತುರಿಕೆಯಿಲ್ಲ. ಬೆಳೆಯುವುದೂ ಇಲ್ಲ, ಹೋಗುವುದೂ ಇಲ್ಲ ಎಂದರು ಆಸ್ಪತ್ರೆಯವರು. ಹೋಗಲಿಲ್ಲ. ನೋಡಿದವರು ಮೊದಲು ಅಯ್ಯೋ ಅನ್ನುತ್ತಿದ್ದರು, ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಎದುರು ಅಂಗಡಿಯ ಗಡಿಯಾರ ರಿಪೇರಿಯವನು ಒಮ್ಮೆ, "ಏನ್ ಡಾಕ್ಟ್ರೇ, ಊರಿಗೆಲ್ಲ ಔಷಧಿ ಕೊಡ್ತೀರಿ, ನಿಮ್ಮನೆ ಕೇಸಿಗೇ ಮದ್ದಿಲ್ವಾ?" ಎಂದು ಕಿಸಕ್ಕನೆ ನಕ್ಕಿದ್ದ. ಇವನೂ ಜೊತೆಗೆ ನಕ್ಕುಬಿಟ್ಟ. ಮಗಳು ಪಕ್ಕದಲ್ಲೇ ನಿಂತು ಬನ್ನು ತಿನ್ನುತ್ತಿದ್ದಳು. ಅಂಥ ಮಾತಿಗೆ ಕಪಾಳಕ್ಕೆ ಬಾರಿಸಬೇಕಿತ್ತು. ಎಲ್ಲಿ ಬಾರಿಸುತ್ತಾನೆ, ಬಾರಿಸುವ ಜಾತಿಯವನಲ್ಲ ಅವನು.

ಮಗಳ ಫೋಟೋಗಳಿಗೆ ಮಾತ್ರ ಆ ಮನೆಯಲ್ಲಿ ಬರವಿರಲಿಲ್ಲ. ಮೊದಲ ಹೆಜ್ಜೆಯ ಫೋಟೋ, ಮೊದಲ ಹಲ್ಲು ಬಿದ್ದಾಗಿನ ಫೋಟೋ, ಶಾಲೆಯ ಸಮವಸ್ತ್ರದಲ್ಲಿ ವರ್ಷಕ್ಕೊಂದು. ಪ್ರತಿ ಸಲವೂ ಅವನು ಕ್ಯಾಮೆರಾದ ಹಿಂದಿನಿಂದ ಬಂದು ಅವಳ ಗಲ್ಲದ ಕೆಳಗೆ ಒಂದು ಬೆರಳಿಟ್ಟು, "ಈ ಕಡೆ ಸ್ವಲ್ಪ ತಿರುಗು ಮರಿ, ಹಾಂ, ಬೆಳಕು ಚೆನ್ನಾಗಿ ಬೀಳುತ್ತೆ" ಎನ್ನುತ್ತಿದ್ದ. ಬೆಳಕು ಯಾವಾಗಲೂ ಅವಳ ಬಲಗಡೆಗೇ ಚೆನ್ನಾಗಿ ಬೀಳುತ್ತಿತ್ತು. ಶಾಲೆಯ ಗುರುತಿನ ಚೀಟಿಗೆ ತೆಗೆದ ಪುಟ್ಟ ಫೋಟೋದಲ್ಲಿ ತಿರುಗಿಸಿಯೂ ಉಳಿದಿದ್ದ ಅಂಚನ್ನು ಪೆನ್ಸಿಲಿನ ತುದಿಯಿಂದ ಮುಚ್ಚಿದ್ದ. ಇದು ಎಂದು ಶುರುವಾಯಿತು ಎಂದು ಯಾರಾದರೂ ಕೇಳಿದ್ದರೆ ಅವನಿಗೇ ಗೊತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಹುಡುಗಿ ಶಾಲೆ ಬಿಟ್ಟೊಡನೆ ಮಾರುಕಟ್ಟೆಯ ಹಿಂದಿನ ದನದ ಆಸ್ಪತ್ರೆಗೆ ಓಡುತ್ತಿದ್ದಳು. ಅಲ್ಲಿದ್ದ ಡಾಕ್ಟರಮ್ಮ ಮೊದಮೊದಲು ಓಡಿಸಿದರು, ಆಮೇಲೆ ಕರುವಿನ ತಲೆ ಹಿಡಿಯಲು ಕರೆದರು. "ನಿಮ್ಮ ಹುಡುಗಿ ಕೈ ಇಟ್ರೆ ಒದೆಯೋ ಹಸುನೂ ತೆಪ್ಪಗೆ ನಿಲ್ಲುತ್ತೆ. ಓದಿಸಿ ಇವಳನ್ನ" ಎಂದು ಸ್ಟುಡಿಯೋಗೇ ಬಂದು ಹೇಳಿದರು. ಆ ಕೆಲಸವೇ ಯಾಕೆ ಬೇಕು ಎಂದು ಅಪ್ಪ ಕೇಳಿದಾಗ ಮಗಳು ಯೋಚಿಸದೆ ಉತ್ತರ ಕೊಟ್ಟಿದ್ದಳು: "ಅವು ನನ್ನ ನೋಡಿ ಕಣ್ಣು ತಿರುಗಿಸಲ್ಲ ಅಪ್ಪ." ಲೆನ್ಸು ಒರೆಸುವ ಬಟ್ಟೆ ಹುಡುಕುವವನಂತೆ ಎದ್ದು ಒಳಗೆ ಹೋದ.

ಪಶುವೈದ್ಯದ ಕಾಲೇಜು ಆ ಸೀಮೆಗೆಲ್ಲ ಒಂದೇ. ಸೀಟುಗಳು ಬೆರಳೆಣಿಕೆಯಷ್ಟು. ಮೊದಲು ಪ್ರವೇಶ ಪರೀಕ್ಷೆ, ಅದರಲ್ಲಿ ಮೇಲೆ ಬಂದವರಿಗೆ ಸಂದರ್ಶನ. ಆಯಾ ವರ್ಷ ಶಾಲೆ ಮುಗಿಸಿದವರು ಮಾತ್ರ ಕೂರಬಹುದು, ಹೋದ ವರ್ಷದವರಿಗೆ ಬಾಗಿಲಿಲ್ಲ. ಅಂದರೆ ಒಂದೇ ಅವಕಾಶ. ಇದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಆ ವರ್ಷ ಗಂಡ ಹೆಂಡತಿ ಇಬ್ಬರೂ ಮಗಳ ಸುತ್ತ ಗಿರಗಿಟ್ಟಲೆಯಾದರು. ಅಮ್ಮ ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಎಲ್ಲೆಲ್ಲಿಂದಲೋ ತಂದು ಟೈಪು ಮಾಡಿದಳು. ಅಪ್ಪ ಯಾರೋ ಬಳಸಿದ್ದ ಅಭ್ಯಾಸದ ಪುಸ್ತಕಗಳನ್ನು ತಂದು, ಅವರು ಗೀಚಿದ್ದ ಉತ್ತರಗಳನ್ನು ಒಂದೊಂದಾಗಿ ರಬ್ಬರಿನಿಂದ ಅಳಿಸಿ ಹೊಸದರಂತೆ ಮಾಡಿಕೊಟ್ಟ. ಅಳಿಸುವುದರಲ್ಲಿ ಅವನನ್ನು ಮೀರಿಸುವವರು ಯಾರು? ಮಗಳು ಓದುತ್ತಾ ಕೂತರೆ ಇಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಿದ್ದರು. ಅವಳೇ ಒಮ್ಮೆ ರೇಗಿ, "ಸ್ವಲ್ಪ ಸದ್ದು ಮಾಡ್ರಪ್ಪಾ, ಯಾರೋ ಸತ್ತಿರೋ ಮನೆ ಥರ ಇದೆ" ಎಂದಿದ್ದಳು.

ಅರ್ಜಿ ಬಂತು. ಅಮ್ಮ ಅಂಗಡಿ ಅರ್ಧ ಬಾಗಿಲು ಹಾಕಿ, ಕೈ ತೊಳೆದುಕೊಂಡು ಬಂದು ಟೈಪು ಮಾಡಿದಳು. ಗುರುತಿಸಬಹುದಾದ ಚಿಹ್ನೆ ಎಂಬ ಕಲಮಿನೆದುರು ಅವಳ ಬೆರಳು ತಡೆಯಲಿಲ್ಲ. ಎಡಗೆನ್ನೆಯ ಮೇಲೆ ದೊಡ್ಡ ಹುಟ್ಟುಮಚ್ಚೆ ಎಂದು ಕುಟ್ಟಿ ಮುಂದಿನ ಕಲಮಿಗೆ ಹೋದಳು. ಫೋಟೋಗೆ ಚೌಕ ಬಿಟ್ಟು ಅರ್ಜಿಯನ್ನು ಗಂಡನ ಮಳಿಗೆಗೆ ದಾಟಿಸಿದಳು.

ಫೋಟೋದ ನಿಯಮ ಖಡಾಖಂಡಿತವಾಗಿತ್ತು: ಮುಖ ನೇರವಾಗಿರಬೇಕು, ಎರಡೂ ಕಿವಿ ಕಾಣಬೇಕು. ಅವನು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೆರಳನ್ನು ಗಲ್ಲದವರೆಗೆ ಒಯ್ದು, ಹಿಂದಕ್ಕೆ ತೆಗೆದುಕೊಂಡು, ನೇರವಾಗಿಯೇ ತೆಗೆದ. ಬೆಳಿಗ್ಗೆ ನೆಗೆಟಿವು ಒಣಗಿತು. ಮೇಜಿನ ಮೇಲಿಟ್ಟು ನೋಡಿದ. ಆ ಕಪ್ಪು ಮುಖದಲ್ಲಿ ಮಚ್ಚೆ ತೆರೆದ ಕಿಟಕಿಯಂತೆ ಬೆಳ್ಳಗೆ ಹೊಳೆಯುತ್ತಿತ್ತು.

ಹಾಗೇ ಬಿಡಬಹುದಿತ್ತು. ಬಿಡುತ್ತಿದ್ದನೋ ಏನೋ. ಆದರೆ ಹಿಂದಿನ ದಿನವಷ್ಟೇ ಯಾವುದೋ ಕಾಲೇಜಿನ ಗುಮಾಸ್ತನೊಬ್ಬ ಫೋಟೋ ತೆಗೆಸಿಕೊಳ್ಳುತ್ತಾ ದೊಡ್ಡ ಗುಟ್ಟು ಹೇಳುವವನಂತೆ ಹೇಳಿಹೋಗಿದ್ದ: "ಸಂದರ್ಶನದಲ್ಲಿ ಕೂತವ್ರು ಅರ್ಜಿ ತೆರೆದಾಗ ಮೊದಲು ನೋಡೋದು ಫೋಟೋ ಕಣ್ರೀ. ಮಾರ್ಕು ಆಮೇಲೆ. ಅಲ್ಲೇ ಅರ್ಧ ತೀರ್ಮಾನ." ಆ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಮೇಜಿನ ಸುತ್ತ ಕೂತ ಗುರುತಿಲ್ಲದ ಜನ ಅರ್ಜಿ ತೆರೆದು, ಅಯ್ಯೋ ಎಂದು, ಕಣ್ಣು ಬೇರೆ ಕಡೆ ತಿರುಗಿಸುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹುಡುಗಿ ಹಗಲಿರುಳು ಓದಿದ್ದಾಳೆ, ಅವಳ ಓದು ಮೊದಲು ಕಾಣಲಿ. ಎದುರಿಗೆ ಹೋದಮೇಲೆ ನೋಡಿಯೇ ನೋಡುತ್ತಾರೆ, ಅಷ್ಟರಲ್ಲಿ ಮಾರ್ಕು ಮಾತಾಡಿರುತ್ತದೆ. ಇಷ್ಟೇ ಅವನ ಲೆಕ್ಕಾಚಾರ. ಪಾಪ, ಕೆಟ್ಟ ಉದ್ದೇಶ ಒಂದು ಚೂರೂ ಇರಲಿಲ್ಲ. ಕೆಟ್ಟ ಉದ್ದೇಶವಿದ್ದವರು ಇಷ್ಟು ಹಾಳು ಮಾಡುವುದೂ ಇಲ್ಲ.

ಪೆನ್ಸಿಲು ಹೆರೆದ. ಕಿಟಕಿಯ ಬೆಳಕು ಇರುವಷ್ಟು ಹೊತ್ತೂ ಕೂತ. ಗಿರಾಕಿಗಳು ಕರೆದರೆ ನಾಳೆ ಬನ್ನಿ ಎಂದ. ಮುಖ ನೋಡಲಿಲ್ಲ, ಕಲೆ ಮಾತ್ರ ನೋಡಿದ. ಬದುಕಿನಲ್ಲಿ ಅಷ್ಟು ಚೆನ್ನಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಪ್ರಿಂಟು ನೋಡಿ ಹೆಂಡತಿ, "ತುಂಬಾ ಚೆನ್ನಾಗಿ ಬಂದಿದೆ ರೀ" ಎಂದು ಗೋಂದು ಹಚ್ಚಿ ಅಂಟಿಸಿದಳು. ಅದೇ ಹಾಳೆಯ ಮೇಲೆ ತಾನೇ ಟೈಪು ಮಾಡಿದ ಮಚ್ಚೆ ಫೋಟೋದಲ್ಲಿಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲ. ನಂಬುವುದು ಕಷ್ಟ, ಆದರೆ ಅವಳ ಕಣ್ಣಿಗೆ ಮಗಳ ಫೋಟೋ ಎಂದರೆ ಹಾಗೇ ಇರುವುದು. ಗೋಡೆಯ ಮೇಲಿನವು, ಆಲ್ಬಮ್ಮಿನವು, ಪರ್ಸಿನಲ್ಲಿದ್ದದ್ದು, ಎಲ್ಲವೂ ಹಾಗೇ. ಮಗಳು ಫೋಟೋವನ್ನು ಸ್ವಲ್ಪ ಹೊತ್ತು ನೋಡಿ, "ಹೂಂ" ಎಂದು ಪುಸ್ತಕಕ್ಕೆ ಮರಳಿದಳು. ಅದೇ ಫೋಟೋ, ಅದೇ ಗುರುತಿನ ಸಾಲು ಹೊತ್ತ ಹಾಲ್ ಟಿಕೆಟ್ಟು ಅಂಚೆಯಲ್ಲಿ ಬಂತು. ಮೂವರೂ ನೋಡಿದರು, ಜೋಪಾನವಾಗಿ ಎತ್ತಿಟ್ಟರು.

ಪರೀಕ್ಷೆ ಒಂದು ರಜಾದಿನ. ಊರಿನ ಆಚೆ ಬದಿಯ ದೊಡ್ಡ ಶಾಲೆಯೊಂದರಲ್ಲಿ. ಅಪ್ಪ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಹಳ ಮುಂಚೆಯೇ ಹೊರಟ. ಗೇಟಿನ ಹತ್ತಿರ ಹೆತ್ತವರ ಜಾತ್ರೆಯೇ ನೆರೆದಿತ್ತು. ಒಬ್ಬಳು ಮಗನ ಬಾಯಿಗೆ ಬಾಳೆಹಣ್ಣು ತುರುಕುತ್ತಿದ್ದಳು, ಒಬ್ಬ ಮಗಳಿಗಿಂತ ಜೋರಾಗಿ ಸೂತ್ರ ಗುನುಗುತ್ತಿದ್ದ. ಇವನು ಮಗಳಿಗೆ ಚೂಪಾಗಿ ಹೆರೆದ ಪೆನ್ಸಿಲುಗಳ ಕಟ್ಟು ಕೊಟ್ಟ. ಅದನ್ನು ಬಿಟ್ಟು ಇನ್ನೇನು ಕೊಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಗೇಟಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದವರು ಯಾವುದೋ ಕಾಲೇಜಿನ ಉಪನ್ಯಾಸಕಿ. ನೆಗಡಿಯಾಗಿತ್ತು, ಕೈಯಲ್ಲಿ ಕರ್ಚೀಫು. ಹಾಲ್ ಟಿಕೆಟ್ಟು ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಹಾಲ್ ಟಿಕೆಟ್ಟು ನೋಡಿದರು.

"ಇದು ನೀನಾ?"

"ಹೌದು ಮೇಡಂ."

"ಗುರುತು ಅಂತ ಎಡಗೆನ್ನೆ ಮಚ್ಚೆ ಬರೆದಿದೆ. ನಿನ್ನ ಮುಖದಲ್ಲೂ ಇದೆ. ಫೋಟೋದಲ್ಲಿ ಎಲ್ಲಮ್ಮ?"

ಹುಡುಗಿ ಅಪ್ಪನ ಕಡೆ ತಿರುಗಿದಳು. ಗೇಟಿನ ಸರಳಿನ ಆಚೆ ನಿಂತಿದ್ದ ಅಪ್ಪನೇ ಮುಂದೆ ಬಂದ. "ನಾನು ಸ್ಟುಡಿಯೋದವನು ಮೇಡಂ. ಸ್ವಲ್ಪ ಟಚ್ ಮಾಡಿದ್ದೆ. ಇವಳೇ ನನ್ನ ಮಗಳು."

"ಶಾಲೆ ಗುರುತಿನ ಚೀಟಿ ಇದೆಯಾ?"

ಇತ್ತು. ಕೊಟ್ಟಳು. ಅದರಲ್ಲೂ ಕೆನ್ನೆ ಕನ್ನಡಿಯಂತೆ ಶುಭ್ರವಾಗಿತ್ತು. ಮೇಡಂ ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂಗು ಒರೆಸಿಕೊಂಡರು.

"ನೋಡಿ, ಕಣ್ಣು ಮೂಗು ಎಲ್ಲ ಹೋಲುತ್ತೆ, ಇಲ್ಲ ಅನ್ನಲ್ಲ. ಅಕ್ಕ ತಂಗಿ ಆದ್ರೂ ಹೋಲುತ್ತೆ. ಹೋದ ವರ್ಷ ತಂಗಿ ಹೆಸರಲ್ಲಿ ಅಕ್ಕ ಬಂದು ಬರೆದು ಹೋದ್ಲು, ಗೇಟಲ್ಲಿ ಬಿಟ್ಟವರ ಕೆಲಸ ಹೋಯ್ತು. ಎರಡು ಚೀಟಿಲಿ ಒಬ್ಬ ಹುಡುಗಿ, ನನ್ನೆದುರಿಗೆ ಇನ್ನೊಬ್ಬಳು. ನಾನು ಯಾರನ್ನ ನಂಬ್ಲಿ?"

ಸಾಲಿನಲ್ಲಿದ್ದ ಸಹಪಾಠಿಯೊಬ್ಬಳು, "ಇವಳು ನಮ್ಮ ಕ್ಲಾಸು ಮೇಡಂ" ಎಂದಳು. ಹೋದ ವರ್ಷವೂ ಹಾಗೇ ಯಾರೋ ಹೇಳಿದ್ದರು ಎಂದರು ಮೇಡಂ. ಶಾಲೆಯ ಮುಖ್ಯೋಪಾಧ್ಯಾಯರು ರಜೆಗೆ ಊರಿಗೆ ಹೋಗಿದ್ದರು. ಕೊನೆಗೆ ಆಕೆಗೇ ಕನಿಕರ ಬಂದಿರಬೇಕು. "ಒಂದು ಕೆಲಸ ಮಾಡಿ. ಮಚ್ಚೆ ಇರೋ ಹಳೇ ಫೋಟೋ ಯಾವುದಾದ್ರೂ ಒಂದು ತನ್ನಿ. ಮಗುವಾಗಿದ್ದಾಗಿನದಾದ್ರೂ ಸರಿ. ಗೇಟು ಮುಚ್ಚೋದ್ರೊಳಗೆ ತಂದ್ರೆ ಬಿಡ್ತೀನಿ."

ಅವನಿಗೆ ಹೋದ ಜೀವ ಬಂದಂತಾಯಿತು. "ಫೋಟೋ ತಾನೇ ಮೇಡಂ? ಬೇಕಾದಷ್ಟಿದೆ!" ಎಂದು ಸೈಕಲ್ಲು ಹತ್ತಿದ. ಹಿಂದಿನಿಂದ ಮಗಳು "ಅಪ್ಪಾ..." ಎಂದು ಕರೆದದ್ದು ಕೇಳಿಸಿತು. ಹೆದರಬೇಡ ಎಂಬಂತೆ ಕೈ ಬೀಸಿದ. ಅವಳು ಏನು ಹೇಳಲು ಕರೆದಳೆಂದು ಅವನಿಗೆ ತಿಳಿಯಬೇಕಾದರೆ ಮನೆ ತಲುಪಬೇಕಾಯಿತು.

ಸ್ಟುಡಿಯೋದ ಮಾಳಿಗೆಯಲ್ಲೇ ಮನೆ. ಆಲ್ಬಮ್ಮುಗಳ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿದ. ಹೆಂಡತಿ ಗಾಬರಿಯಾಗಿ ಬಂದು ವಿಷಯ ಕೇಳಿ, ತಾನೂ ಕೂತು ಪುಟ ತಿರುವತೊಡಗಿದಳು. ತೊಟ್ಟಿಲಲ್ಲಿ ಮಗು, ಎಡಗೆನ್ನೆ ದಿಂಬಿಗೊತ್ತಿ ಮಲಗಿದೆ. ಮೊದಲ ಹೆಜ್ಜೆ, ಬಲಗಡೆಯಿಂದ. ಹುಟ್ಟುಹಬ್ಬದ ಗೊಂಬೆ, ಎಡಗೆನ್ನೆಗೆ ಒತ್ತಿಕೊಂಡಿದೆ. ಶಾಲೆಯ ಬಹುಮಾನ, ತಲೆ ತಿರುಗಿಸಿ ಬಟ್ಟಲಿನ ಕಡೆ ನೋಡುತ್ತಿದ್ದಾಳೆ. ಅಜ್ಜಿಯ ತೊಡೆಯ ಮೇಲೆ, ಎಡಗಡೆ ಪೂರ್ತಿ ನೆರಳು. ಆ ನೆರಳನ್ನು ಹೇಗೆ ಬೀಳಿಸಿದ್ದೆ, ದೀಪ ಎಲ್ಲಿಟ್ಟಿದ್ದೆ ಎಂಬುದೆಲ್ಲ ಅವನಿಗೆ ನೆನಪಿತ್ತು.

"ಒಂದ್ರಲ್ಲೂ ಇಲ್ವಲ್ರೀ" ಎಂದಳು ಹೆಂಡತಿ. ಸ್ವಲ್ಪ ತಡೆದು, "ನಾನೂ ದಿನಾ ನೋಡ್ತಿದ್ದೆ. ನನಗೂ ಕಾಣ್ಲಿಲ್ಲ" ಎಂದಳು. ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗ ಅವನಿಗೆ ಹೊಳೆಯಿತು. ನೆಗೆಟಿವಿದೆಯಲ್ಲ! ಪೆನ್ಸಿಲು ಮೇಲೆ ಹಚ್ಚಿದ್ದು, ಅಳಿಸಿದರೆ ಒಳಗಿನದು ಒಳಗೇ ಇರುತ್ತದೆ. ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದ. ಅರ್ಜಿಯ ಫೋಟೋದ ನೆಗೆಟಿವು ತೆಗೆದು, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ. ಇಡೀ ದಿನ ಕೂತು ಮಾಡಿದ ಕೆಲಸ ಒಂದೇ ಉಸಿರಿನಲ್ಲಿ ಹತ್ತಿಗೆ ಬಂತು. ಕತ್ತಲೆ ಕೋಣೆಯ ಬಾಗಿಲು ಹಾಕಿ ಕೆಂಪು ದೀಪ ಹೊತ್ತಿಸಿ ಕಾಗದಕ್ಕೆ ಬೆಳಕು ಕೊಟ್ಟು ತಟ್ಟೆಯ ದ್ರಾವಣದಲ್ಲಿ ಮುಳುಗಿಸಿದ.

ಕಾಗದದ ಮೇಲೆ ಮೊದಲು ಕೂದಲು ಬಂತು, ಆಮೇಲೆ ಕಣ್ಣು, ಆಮೇಲೆ ಮಚ್ಚೆ. ಅಲುಗಾಡುವ ನೀರಿನ ಕೆಳಗೆ ಮಗಳು ನೇರವಾಗಿ ಅವನನ್ನೇ ನೋಡುತ್ತಿದ್ದಳು. ಹೆದರಿಕೆಯಿಲ್ಲ, ಸಂಕೋಚವಿಲ್ಲ, ತುಟಿಯ ಕೊನೆಯಲ್ಲಿ ಇದೋ ಬಂದೆ ಎನ್ನುವಂಥ ಒಂದು ಸಣ್ಣ ಹುರುಪು. ಆ ಹುರುಪು ತಿದ್ದಿದ ಫೋಟೋದಲ್ಲೂ ಇತ್ತು. ಅವನು ಕಂಡಿರಲಿಲ್ಲ, ಕಲೆ ನೋಡುತ್ತಿದ್ದ. ಎಷ್ಟೋ ಸಾವಿರ ಮುಖಗಳನ್ನು ಆ ತಟ್ಟೆಯಿಂದ ಎತ್ತಿದವನು ಈ ಮುಖವನ್ನು ಎತ್ತುವಾಗ ಗೊಳೋ ಎಂದು ಅತ್ತ. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಚಿತ್ರವನ್ನು ನಿಲ್ಲಿಸುವ ಫಿಕ್ಸರಿನಲ್ಲಿ ಅದ್ದಿದಂತೆ ಮಾಡಿ, ನೀರಿನಲ್ಲಿ ಜಾಲಿಸಿ, ಒತ್ತು ಕಾಗದದ ನಡುವೆ ಇಟ್ಟುಕೊಂಡು ಸೈಕಲ್ಲು ತುಳಿದ.

ಗೇಟು ಇನ್ನೂ ಮುಚ್ಚಿರಲಿಲ್ಲ. ಅವನು ತಲುಪಿದ್ದ! ಏದುಸಿರು ಬಿಡುತ್ತಾ ಫೋಟೋವನ್ನು ಮೇಜಿನ ಮೇಲಿಟ್ಟ. ಮೇಡಂ ಅದನ್ನು ಮುಟ್ಟಿ ಬೆರಳು ನೋಡಿಕೊಂಡರು.

"ಒದ್ದೆ ಇದೆಯಲ್ರೀ ಇದು."

"ಈಗ ತಾನೇ ಪ್ರಿಂಟ್ ಹಾಕಿದೆ ಮೇಡಂ. ಅದೇ ಫೋಟೋ, ಅದೇ ನೆಗೆಟಿವು. ಇದು ಅಸಲು. ನೋಡಿ, ಅದೇ ಬಟ್ಟೆ, ಅದೇ ಕೂದಲು. ನಾನು ಪೆನ್ಸಿಲಲ್ಲಿ ಮುಚ್ಚಿದ್ದೆ, ಈಗ ಒರೆಸಿ ತಂದೆ."

"ಹಳೇದು ಒಂದೂ ಇಲ್ವಾ?"

ಅವನು ತಲೆ ಅಲ್ಲಾಡಿಸಿದ.

"ಇಷ್ಟು ವರ್ಷದಲ್ಲಿ? ಫೋಟೋ ಅಂಗಡಿಯವರ ಮನೇಲಿ?"

ಮೇಡಂ ಒದ್ದೆ ಫೋಟೋವನ್ನು ಹಾಲ್ ಟಿಕೆಟ್ಟಿನ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿಯೇ ಕೇಳಿದರು: "ಇಷ್ಟು ಚೆನ್ನಾಗಿ ತೆಗೆಯೋಕೆ ಬರೋರಿಗೆ ಹಾಕೋಕೂ ಬರುತ್ತೆ ಅಲ್ವಾ?"

ಬರುವುದಿಲ್ಲ ಎಂದು ಅವನು ಹೇಳಬಹುದಿತ್ತು. ಬರುತ್ತಿತ್ತು. ಎಷ್ಟು ಜನರ ಗಲ್ಲಕ್ಕೆ ಹಾಕಿಕೊಟ್ಟಿದ್ದ! ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. ಮೇಡಂಗೆ ಅಷ್ಟೇ ಸಾಕಾಯಿತು. ಒಳಗೆ ಗಂಟೆ ಬಾರಿಸಿತು, ಕಾವಲುಗಾರ ಬಂದು ಮುಚ್ಚಲೇ ಎಂದು ಕೇಳಿದ, ಆಕೆ ಕತ್ತು ಬಗ್ಗಿಸಿಕೊಂಡೇ ತಲೆಯಾಡಿಸಿದರು. ಮಗಳನ್ನು ಹೊರಗೇ ಬಿಟ್ಟು ಗೇಟು ಮುಚ್ಚಿತು. ಅಪ್ಪ ಸರಳು ಹಿಡಿದುಕೊಂಡು, "ಮೇಡಂ, ನಂದು ತಪ್ಪು, ಅವಳದ್ದಲ್ಲ, ನಂದು" ಎನ್ನುತ್ತಲೇ ಇದ್ದ. ಒಳಗೆ ಹೋದ ಮಕ್ಕಳ ಹೆತ್ತವರೆಲ್ಲ ಅವನನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು.

ಇಬ್ಬರೂ ಸೈಕಲ್ಲು ತಳ್ಳಿಕೊಂಡೇ ನಡೆದರು. ಮಗಳು ಅಳಲಿಲ್ಲ. ಪೆನ್ಸಿಲಿನ ಕಟ್ಟು ಕೈಯಲ್ಲೇ ಇತ್ತು. ಅರ್ಧ ದಾರಿಯಲ್ಲಿ ಅವಳೇ ಮಾತು ತೆಗೆದಳು.

"ಹಾಲ್ ಟಿಕೆಟ್ ಬಂದಾಗ್ಲೇ ನೋಡಿದ್ದೆ ಅಪ್ಪ."

"ಒಂದು ಮಾತು ಹೇಳಬಾರದಿತ್ತಾ ಮರಿ?"

"ಏನಂತ ಹೇಳ್ಲಿ? ನಿನಗೆ ಆ ಮುಖ ಇಷ್ಟ ಅಂತ ನನಗೆ ಚಿಕ್ಕವಳಿದ್ದಾಗ್ಲಿಂದ ಗೊತ್ತು."

"ಹಾಗಲ್ಲ ಮರಿ..." ಎಂದ ಅವನು. ಹಾಗಲ್ಲದಿದ್ದರೆ ಹೇಗೆ ಎಂದು ಹೇಳಲು ಮನೆ ಬರುವವರೆಗೂ ಹುಡುಕಿದ.

ಮುಖ್ಯೋಪಾಧ್ಯಾಯರು ಊರಿಂದ ಬಂದ ಮೇಲೆ ಅವರ ಕೈಯಿಂದ ಬರೆಸಿಕೊಂಡು ಅಪ್ಪ ಅಮ್ಮ ಇಬ್ಬರೂ ಪಶುವೈದ್ಯದ ಕಾಲೇಜಿಗೆ ಅಲೆದರು. ಅಲ್ಲಿಯವರು ಕುರ್ಚಿ ಕೊಟ್ಟು, ಓದಿ ನೋಡಿ, ಪರೀಕ್ಷೆ ಮುಗಿದಿದೆಯಲ್ಲ ಎಂದರು. ಮುಂದಿನ ವರ್ಷಕ್ಕೆ ಅವಳು ಹೋದ ವರ್ಷದವಳಾದಳು. ಬೇರೆ ಕಾಲೇಜಿಗೆ ಅರ್ಜಿ ಹಾಕೋಣ ಎಂದು ಅಮ್ಮ ಗೋಗರೆದಳು, ಹುಡುಗಿ ಒಪ್ಪಲಿಲ್ಲ. ದನದ ಆಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಸಹಾಯಕಿಯಾಗಿ ತೆಗೆದುಕೊಂಡರು. ಸಗಣಿ ಬಾಚುವುದು, ಸೂಜಿ ಕುದಿಸುವುದು, ಒದೆಯುವ ಹಸುವಿನ ತಲೆ ಹಿಡಿಯುವುದು. ಸೂಜಿ ಚುಚ್ಚುವವರು ಪ್ರತಿ ವರ್ಷ ಆ ಕಾಲೇಜಿನಿಂದ ಹೊಸಬರು ಬರುತ್ತಿದ್ದರು. ಅವಳು ಅವರಿಗೂ ಹಿಡಿದುಕೊಡುತ್ತಿದ್ದಳು.

ಅವನು ಮುಖ ತಿದ್ದುವ ಕೆಲಸ ನಿಲ್ಲಿಸಿದ. ಇದ್ದ ಹಾಗೇ ಕೊಡ್ತೀನಿ, ಬೇಕಾದರೆ ತೆಗೆಸಿಕೊಳ್ಳಿ ಎಂದ. ಯಾರಿಗೆ ಬೇಕು ಇದ್ದ ಹಾಗಿನದು? ಗಿರಾಕಿಗಳು ಬಸ್ ನಿಲ್ದಾಣದ ಹತ್ತಿರದ ಹೊಸ ಸ್ಟುಡಿಯೋಗೆ ಹೋದರು. ಹಳೆಯ ಹೆಸರು ಮಾತ್ರ ಅವನ ಬೆನ್ನು ಬಿಡಲಿಲ್ಲ. ಅವಸರದಲ್ಲಿ ತೊಳೆದ ಆ ಒದ್ದೆ ಫೋಟೋವನ್ನು ಅವನು ಕ್ಯಾಶ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಫಿಕ್ಸರಿನಲ್ಲಿ ಸಾಕಷ್ಟು ಇರಿಸದ ಪ್ರಿಂಟು ಉಳಿಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೊದಲು ಹಳದಿಯಾಯಿತು, ಆಮೇಲೆ ಕಂದು, ಕೊನೆಗೆ ಯಾರ ಮುಖವೆಂದು ಗೊತ್ತಾಗದಂತೆ ಕಪ್ಪಾಯಿತು. ಮತ್ತೊಂದು ಪ್ರಿಂಟು ಹಾಕಲು ಹೋದರೆ ನೆಗೆಟಿವು ಇರಲಿಲ್ಲ. ಮಗಳು ಎಂದೋ ಕೇಳಿ ಇಸಕೊಂಡು ಹೋಗಿದ್ದಳು. ಏನು ಮಾಡಿದಳೆಂದು ಅವನು ಕೇಳಲಿಲ್ಲ.

ಒಂದು ಬೆಳಿಗ್ಗೆ ಅವಳು ಆಸ್ಪತ್ರೆಯ ಹೊಸ ಗುರುತಿನ ಬಿಲ್ಲೆಯನ್ನು ಊಟದ ಮೇಜಿನ ಮೇಲಿಟ್ಟು ಬೂಟು ಹಾಕಿಕೊಳ್ಳುತ್ತಿದ್ದಳು. ಅವನು ಅದನ್ನು ಎತ್ತಿಕೊಂಡ. ಅದರ ಮೇಲಿನ ಫೋಟೋ ಬಸ್ ನಿಲ್ದಾಣದ ಸ್ಟುಡಿಯೋದ್ದು. ಬೆಳಕು ತಲೆಯ ಮೇಲಿಂದ ಬಿದ್ದಿದೆ, ಹಿಂದಿನ ಪರದೆ ವಾರೆಯಾಗಿದೆ. ಅವಳು ಹೇಳಿಯೇ ಇರಬೇಕು, ಮುಖವನ್ನು ಯಾರೂ ಮುಟ್ಟಿಲ್ಲ. ಮಚ್ಚೆ ಇರುವಲ್ಲೇ ಇದೆ. ತುಟಿಯ ಕೊನೆಯಲ್ಲಿದ್ದ ಆ ಹುರುಪನ್ನು ಹುಡುಕಿದ. ಅದು ಇರಲಿಲ್ಲ.

"ಇದರದ್ದು ಇನ್ನೊಂದು ಪ್ರಿಂಟ್ ಇದೆಯಾ ಮರಿ?" ಎಂದು ಕೇಳಿದ.

"ಇದೆ. ಯಾಕೆ?"

"ನನಗೊಂದು ಕೊಡ್ತೀಯಾ? ಇಟ್ಕೋಬೇಕು ಅನ್ಸುತ್ತೆ."

ಅವಳು ಬೂಟಿನ ದಾರ ಕಟ್ಟಿ ಮುಗಿಸಿ ಎದ್ದು ಬಂದಳು. ಅವನ ಕೈಯಿಂದ ಬಿಲ್ಲೆಯನ್ನು ಮೆಲ್ಲಗೆ ಬಿಡಿಸಿಕೊಂಡು ಅಂಗಿಗೆ ಸಿಕ್ಕಿಸಿಕೊಂಡಳು. ಸಿಟ್ಟಿನಿಂದ ಹೇಳಲಿಲ್ಲ, ಅಪ್ಪನ ಮೇಲೆ ಅವಳಿಗೆ ಎಂದೂ ಸಿಟ್ಟು ಬಂದದ್ದೇ ಇಲ್ಲ.

"ಬೇಡಪ್ಪ" ಎಂದಳು. "ನಿನ್ನ ಕೈ ಸುಮ್ನಿರಲ್ಲ."